ದೊಡ್ಡ ಹಾಲಿನ ತಂಪು

ಇಪ್ಪತ್ತು ಹೆಂಗಸರು ಕೂತು ಸೀರೆಗಳಿಗೆ ಕಸೂತಿ ಹಾಕುವ ಆ ದೊಡ್ಡ ಹಾಲಿನಲ್ಲಿ ಬೇಸಿಗೆ ಬಂತೆಂದರೆ ಉಸಿರಾಡುವುದೇ ಕಷ್ಟ. ಹೋದ ವಾರ ರೆಹಾನಾ ಸೂಜಿ ಹಿಡಿದುಕೊಂಡೇ ತಲೆ ಸುತ್ತಿ ಬಿದ್ದಿದ್ದಳು. ಅವತ್ತು ನೀಲಗಂಗಮ್ಮ ಎಲ್ಲರ ಪರವಾಗಿ ಮಾಲೀಕರ ಮುಂದೆ ನಿಂತು ಜಗಳವನ್ನೇ ಆಡಿದ್ದಳು. ಹಾಗಾಗಿ ಎಸಿ ಕೂರಿಸುವವನು ಟೇಪು ಹಿಡಿದು ಬಂದಾಗ ಅವಳ ಕಣ್ಣು ತುಂಬಿ ಬಂತು.

"ಒಂದೇ ದೊಡ್ಡದು ಹಾಕಿದ್ರ ಮೂಲಿಗೆ ಗಾಳಿ ಮುಟ್ಟಂಗಿಲ್ರಿ," ಎಂದ ಅವನು. "ನಾಕೂ ಕಡೆ ಸಣ್ಣ ಸ್ಪ್ಲಿಟ್ ಎಸಿ ಹಾಕೂಣು."

"ಹಾಕ್ರಿ. ಹಾಲ್ ಪೂರ್ತಿ ತಂಪಿರಬೇಕು," ಎಂದರು ಮಾಲೀಕರು.

ನೀಲಗಂಗಮ್ಮ ತಡೆಯಲಾರದೆ ಎದ್ದು ಬಂದಳು. "ಅಣ್ಣಾ, ನಮ್ಮ ರೆಹಾನಾ ಕುಂದ್ರೋದು ಆ ಕಿಟಕಿ ಕಡೆ. ಅಲ್ಲೇ ಬಿಸಿಲು ಭಾಳ ನೋಡ್ರಿ."

ಅವನು ಅಲ್ಲೊಂದು ಗುರುತು ಹಾಕಿ, ಮಾಲೀಕರ ಕಡೆ ತಿರುಗಿದ. "ಒಳಗ ಮಂದಿ ಎಷ್ಟಿರ್ತಾರ್ರಿ? ಅವರ ಮೈಕಾವೂ ಲೆಕ್ಕಕ್ಕ ಹಿಡೀಬೇಕಾಗ್ತದ."

ಮಾಲೀಕರು ನೀಲಗಂಗಮ್ಮನ ಕಡೆ ನೋಡಲಿಲ್ಲ.

"ಒಬ್ಬಾಂವ ಅಂತ ಹಿಡೀರಿ. ಮುಂದಿನ ತಿಂಗಳು ಕಸೂತಿ ಹಾಕೋ ಮಷೀನ್ ಬರ್ತಾವ; ಅವು ಸೆಕಿ ತಡಕೊಳ್ಳಂಗಿಲ್ಲ."