ಗೇಟಿನಾಚೆಯ ಅಶ್ವತ್ಥ

"ತೋಟಗಾರಿಕೆ ಬಗ್ಗೆ ನಿಮ್ಮಷ್ಟು ಪುಸ್ತಕ ಬರೆದವರು ಯಾರಿದ್ದಾರೆ ಮೇಡಂ? ಅದಕ್ಕೇ ನೀವೇ ಬರಬೇಕು ಅಂತ ಕರೆಸಿದ್ದು" ಎಂದ ಬಂಗಲೆಯ ಯಜಮಾನ.

"ಓದಿದ್ದೀರಾ?"

"ಓದೋಕೆಲ್ಲಿ ಪುರುಸೊತ್ತು! ನಿಮ್ಮ ಹೆಸರೇ ಸಾಕು."

ಆಕೆ ಕಾಂಪೌಂಡಿನ ಒಳಗೆ ಹುಲ್ಲುಹಾಸು, ಗುಲಾಬಿ ಎಲ್ಲ ಮಾಡಿಸಿದಳು. ಕೊನೆಗೆ "ಮನೆಗೊಂದು ಗತ್ತು ಬರುತ್ತೆ" ಎನ್ನುತ್ತ ಗೇಟಿನ ಹೊರಗೆ, ರಸ್ತೆಯಂಚಿನಲ್ಲಿ ಒಂದು ಅಶ್ವತ್ಥದ ಸಸಿಯನ್ನು ಕೈಯಾರೆ ನೆಟ್ಟು, ಮೊದಲ ನೀರನ್ನೂ ತಾನೇ ಎರೆದಳು.

ವರ್ಷಗಳು ಕಳೆದವು. ಮರದ ಬುಡಕ್ಕೆ ಕಟ್ಟೆ ಬಂತು, ನಾಗರಕಲ್ಲು ಬಂತು, ಬೆಳಗಾದರೆ ಪ್ರದಕ್ಷಿಣೆ ಹಾಕುವವರ ಗುಂಪು. ಯಜಮಾನನ ಕಾರು ಹೊರಬರುವುದೇ ಕಷ್ಟವಾಯಿತು. ಎಷ್ಟು ಕೊಡುತ್ತೇನೆಂದರೂ ಆ ಮರಕ್ಕೆ ಕೊಡಲಿ ಹಾಕಲು ಒಬ್ಬನೂ ಒಪ್ಪಲಿಲ್ಲ.

ಅವನು ಆಕೆಗೆ ಫೋನ್ ಮಾಡಿ ಕೂಗಾಡಿದ.

"ಮನೆ ಮುಂದೆ ಅಶ್ವತ್ಥ ನೆಡಬೇಡಿ ಅಂತ ನಿಮ್ಮ ಪುಸ್ತಕದಲ್ಲೇ ಇದೆಯಂತಲ್ರೀ!"

"ಇದೆ. ಮೊದಲನೇ ಅಧ್ಯಾಯದಲ್ಲೇ."

"ಸಾಲದ್ದಕ್ಕೆ ಆ ಹೂವಿನ ಮುದುಕಿ ಬೇರೆ! ನೀವು ಬರೋಕೆ ಮುಂಚೆ ನನ್ನ ಗೇಟಿನ ಮುಂದೆ ಕೂತಿದ್ದಾಗ ಬುಟ್ಟಿ ಒದ್ದು ಓಡಿಸಿದ್ದೆ. ಈಗ ಕಟ್ಟೆ ಮೇಲೆ ತಣ್ಣಗೆ ಕೂತು ಹೂ ಮಾರ್ತಿದಾಳೆ. ಬಿಸಿಲೂ ತಾಗಲ್ಲ ಅವಳಿಗೆ!"

"ತಾಗಬಾರದು ಸಾರ್. ನಮ್ಮಮ್ಮನಿಗೆ ನೆರಳಾಗಲಿ ಅಂತಾನೇ ಆ ಮರ ನೆಟ್ಟಿದ್ದು."