ಓಡಿದ ಕಾಲು

“ಮಗ ಅಂತ ಬರೇ ಬಾಯಿಲೆ ಹೇಳಿದ್ರ ನಾ ನಂಬಂಗಿಲ್ರಿ ಸರ. ಎಡಗಾಲು ತೋರಸ್ಲಿ,” ಎಂದಳು ಸಖುಬಾಯಿ.

ಬೀದರದ ಮೈಲೂರಿನಿಂದ ದುಭಾಷಿಯಾಗಿ ಬಂದಿದ್ದ ಕಾಲೇಜು ಮೇಷ್ಟ್ರು ಅನೀಲಕುಮಾರ ಅದನ್ನು ಇಂಗ್ಲಿಷಿನಲ್ಲಿ ಹೇಳಿದರು. ಚಾಪೆಯ ಮೇಲೆ ಕೂತಿದ್ದ ಎತ್ತರದ ಗಂಡಸು ಯೋನಾಸ್ ಬೂಟು ಬಿಚ್ಚಿ, ಕಾಲುಚೀಲ ತೆಗೆದ. ಮೈಬಣ್ಣವೊಂದು ಸಖುಬಾಯಿಯ ಊರು ಔರಾದಿನದು, ಹೆಸರು, ಮಾತು, ಕೂಡ್ರುವ ರೀತಿ ಎಲ್ಲ ಅವನನ್ನು ದತ್ತು ಒಯ್ದ ಬೆಲ್ಜಿಯಂನದು.

ಸಖುಬಾಯಿ ಬಗ್ಗಿ ನೋಡಿದಳು. ಹುಟ್ಟಿದಾಗ ಒಳಕ್ಕೆ ಮಡಚಿ, ಅಂಗಾಲು ಮೇಲಾಗಿದ್ದ ಪಾದ ಈಗ ನೆಲದ ಮೇಲೆ ನೆಟ್ಟಗೆ ಕೂತಿತ್ತು. ಕೊನೆಯ ಎರಡು ಬೆರಳು ಮಾತ್ರ ಅಂದಿನಂತೆಯೇ ಅಂಟಿಕೊಂಡಿದ್ದವು.

“ಇವನೇ,” ಎಂದಳು. ಮುಟ್ಟಲಿಲ್ಲ. “ಏನ್ ಕೆಲಸ ಮಾಡ್ತಾನ್ರಿ?”

“ಫುಟ್‌ಬಾಲ್ ಆಡ್ತಿದ್ದ, ಮೌಶಿ. ಅದೇ ಅವನ ನೌಕರಿ. ಡಿಫೆಂಡರ್ ಅಂತಾರ. ಎದುರಿನವರು ಚೆಂಡ ತಗೊಂಡು ಓಡಿ ಬಂದ್ರ ಇವ ಅವರಕಿಂತ ಜೋರ ಓಡಿ ತಡೀಬೇಕು. ಭಾಳ ವರ್ಷ ಆಡ್ಯಾನ. ಹ್ವಾದ ವರ್ಷ ಮೊಣಕಾಲು ಕೈಕೊಟ್ಟು ಬಿಟ್ಟಾನ.”

“ಈ ಕಾಲಿಲೆ ಓಡ್ತಿದ್ದ?”

“ಇದೇ ಕಾಲಿಲೆ. ಕೂಸಿದ್ದಾಗ ಪಟ್ಟಿ ಹಾಕಿ, ಸಣ್ಣ ಆಪರೇಶನ್ ಮಾಡಿ ಸೀದಾ ಮಾಡ್ಯಾರಂತ.”

ಯೋನಾಸ್ ಮೊಬೈಲು ಮುಂದೆ ಹಿಡಿದ. ಹಸಿರು ಮೈದಾನದಲ್ಲಿ ಬಿಳಿ ಅಂಗಿ ತೊಟ್ಟು ಅವನು ಓಡುತ್ತಿದ್ದ. ಜಾರಿ ಬಿದ್ದು ಚೆಂಡು ಕಸಿದು, ಎದ್ದು ಮತ್ತೆ ಓಡುತ್ತಿದ್ದ. ಸುತ್ತ ಸಾವಿರಾರು ಮಂದಿ ಕೂಗುತ್ತಿದ್ದರು. ಸಖುಬಾಯಿ ಮೊಬೈಲಿನಿಂದ ಕಣ್ಣು ತೆಗೆದು ಒಳಮನೆಯ ಕಡೆ ನೋಡಿದಳು.

ಈ ಕೂಸು ನಡೆಯುವುದಿಲ್ಲ ಎಂದು ಭಾಲ್ಕಿಯ ಡಾಕ್ಟರೊಬ್ಬರು ಅಂದು ಹೇಳಿದ್ದರು. ಕುರಿ ಹಿಂದೆ ಊರೂರು ತಿರುಗುವ ಮನೆಯಲ್ಲಿ ನಡೆಯದ ಮಗ ಬದುಕುವುದು ಹೇಗೆಂದು ಗಂಡ ಜ್ಞಾನೇಶ್ವರ ಅದನ್ನು ಬೀದರದ ಒಂದು ಅನಾಥಾಶ್ರಮದಲ್ಲಿ ಬಿಟ್ಟುಬಂದ. ಹಾಲು ಕಟ್ಟಿದ ಎದೆ ಹಿಡಿದುಕೊಂಡು ಸಖುಬಾಯಿ ಎಷ್ಟೋ ದಿನ ಅತ್ತಳು. ಮುಂದೆ ಮಗಳು ಸರಿತಾ ಹುಟ್ಟಿದಳು. ಅವಳಿಗೆ ಎರಡೂ ಪಾದ ಹಾಗೆಯೇ. ಈ ಸಲ ಸಖುಬಾಯಿ ಕೂಸನ್ನು ಅವಚಿಕೊಂಡು ಬಾಗಿಲಿಗೆ ಅಡ್ಡ ಕೂತಳು. “ಇದಕ್ಕ ಕೈ ಹಚ್ಚಿದ್ರ ಬಾವಿಗಿ ಬೀಳ್ತೇನಿ ನೋಡ್ರಿ!” ಗಂಡ ಸೋತ. ಅಂದಿನಿಂದ ಮಗಳನ್ನು ಯಾವ ದವಾಖಾನೆಗೂ ಒಯ್ಯಲಿಲ್ಲ. ಅಲ್ಲಿಂದಲೇ ಯಾರಾದರೂ ಕಸಿದುಕೊಂಡಾರೆಂಬ ಭಯ. ಗಂಡ ತೀರಿಹೋದ ಮೇಲೂ ಅವಳಿಗೊಂದು ಸಮಾಧಾನವಿತ್ತು: ಬದುಕಿನಲ್ಲಿ ತಾನು ಗೆದ್ದ ಜಗಳ ಅದೊಂದೇ.

ಒಳಮನೆಯಿಂದ ನೆಲ ಕೆರೆಯುವ ಸದ್ದು ಬಂತು. ಒಂದು ಕೈಯಲ್ಲಿ ಗೋಡೆ, ಒಂದು ಕೈಯಲ್ಲಿ ಚಹಾದ ಲೋಟ ಹಿಡಿದು, ತಿರುಚಿದ ಪಾದಗಳ ಮೇಲ್ಬದಿಯನ್ನು ನೆಲಕ್ಕೂರಿ ಸರಿತಾ ಹೊರಗೆ ಬಂದಳು. ಮಾತೆಲ್ಲ ಅವಳಿಗೆ ಕೇಳಿಸಿತ್ತು. ಯೋನಾಸನ ನೋಟ ಅವಳ ಪಾದಗಳ ಮೇಲೆ ಬಿತ್ತು. ಅವನು ಮೆಲ್ಲಗೆ ತನ್ನ ಬರಿಗಾಲನ್ನು ತೊಡೆಯ ಕೆಳಗೆ ಎಳೆದುಕೊಂಡ.

ಮೊಬೈಲಿನ ಆಟ ಮುಗಿಯಿತು. “ಇನ್ನೊಮ್ಮೆ ತೋರಸಂತ ಹೇಳ್ರಿ ಸರ,” ಎಂದಳು ಸರಿತಾ. ಮತ್ತೊಮ್ಮೆ ಕೊನೆಯವರೆಗೂ ನೋಡಿದಳು. ಆಮೇಲೆ ತಾಯಿಯ ಕಡೆ ತಿರುಗಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

“ಅವ್ವಾ, ನನಗ್ಯಾಕ ಇಟ್ಕೊಂಡಿ?”