ಬರೀ ಎಲೆ

"ಅಕ್ಕಾ, ಒಂದೇ ಒಂದು ಚಮಚ ಕೊಡು, ನಿನ್ ಕಾಲಿಗೆ ಬೀಳ್ತೀನಿ," ಎನ್ನುತ್ತ ತಮ್ಮ ನಿಜಕ್ಕೂ ಅವಳ ಪಾದ ಹಿಡಿದುಕೊಂಡ. ಲಾರಿ ಓಡಿಸುವ ಅವನು ಬೆನ್ನುನೋವಿಗೆಂದು ಎರಡು ವರ್ಷ ಅಫೀಮಿನಂತೆ ಚಟ ಹತ್ತಿಸುವ ಒಂದು ಎಲೆಯ ಪುಡಿಯನ್ನು ನೀರಿಗೆ ಕಲಸಿ ಕುಡಿದಿದ್ದ. ಬಿಟ್ಟು ಇಂದಿಗೆ ನಾಲ್ಕನೇ ದಿನ; ಮೈಯೆಲ್ಲ ನಡುಗುತ್ತಿತ್ತು.

ವ್ಯಸನಮುಕ್ತಿ ವಾರ್ಡಿನ ನರ್ಸ್ ಆಗಿ ಅವಳು ಎಷ್ಟೋ ತಾಯಂದಿರಿಗೆ, "ಮನಸ್ಸು ಕಲ್ಲು ಮಾಡ್ಕೊಳ್ಳಿ," ಎಂದಿದ್ದಳು.

"ಆಸ್ಪತ್ರೆಗೆ ಹೋಗೋಣ ಏಳೋ, ಮಾತ್ರೆ ಕೊಡ್ತಾರೆ."

"ಬರೀ ಎಲೆ ಕಣಕ್ಕಾ. ಎಲೆ ತಿಂದೋರನ್ನ ಯಾರಾದ್ರೂ ಆಸ್ಪತ್ರೆಗೆ ಸೇರಿಸ್ತಾರಾ?" ನಗಲು ಹೋದವನ ಹಲ್ಲು ಕಟಕಟಿಸಿತು.

ಬಿಸಾಡಲಾಗದೆ ಬಚ್ಚಿಟ್ಟಿದ್ದ ಪುಡಿಯ ಡಬ್ಬಿಯನ್ನು ಅವಳು ಹೊರತೆಗೆದು, ಒಂದು ಚಮಚ ನೀರಿಗೆ ಕಲಸಿ ಕೊಟ್ಟಳು. ಅವನ ಕೈಯಲ್ಲಿ ಲೋಟ ನಿಲ್ಲಲಿಲ್ಲ. ತಾನೇ ಅವನ ತಲೆ ಎತ್ತಿ ಹಿಡಿದು ಕುಡಿಸಿದಳು.